ಶಾಲೆಗೆ ಮಳೆನೀರು, ಕೈತೋಟ, ಕಸ ವಿಂಗಡಣೆ: ಪಂಚಾಯಿತಿಯನ್ನು ಮೊದಲು ಯಾವುದಕ್ಕೆ ಹಿಡಿಯಬೇಕು?

ಬೆಟ್ಟದ ತಪ್ಪಲು:
ನಮ್ಮದು ಪಾವಗಡ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 110 ಮಕ್ಕಳು. ನಾನು ಈ ವರ್ಷ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಸದ್ಯದಲ್ಲೇ ಗ್ರಾಮ ಸಭೆ ಇದೆ. ಚಾವಣಿಯ ಮಳೆನೀರು, ಕೈತೋಟ, ಕಸ ವಿಂಗಡಣೆ, ಈ ಮೂರರಲ್ಲಿ ಮೊದಲು ಯಾವುದನ್ನು ಕೇಳಲಿ? ಮಾಡಿಸಿದವರು ಹೇಳಿ.

ನಿವೃತ್ತ ಮೇಷ್ಟ್ರು:
ಮಳೆನೀರಿನ ಮಾತೆತ್ತಿದರೆ ನನಗೆ ಈಗಲೂ ಮೈಯುರಿಯುತ್ತದೆ. ಸುವರ್ಣ ಕರ್ನಾಟಕದ ಆ ಕಾಲದಲ್ಲಿ, 2006ರ ಸುಮಾರಿಗೆ, ‘ಸುವರ್ಣ ಜಲ’ ಎಂದು ಹಳ್ಳಿ ಶಾಲೆಗಳಿಗೆ ತೊಟ್ಟಿ ಕಟ್ಟಿಸುವ ಯೋಜನೆ ಬಂತು. ನಮ್ಮ ಶಾಲೆಗೂ ಒಬ್ಬ ಗುತ್ತಿಗೆದಾರ ಬಂದ, ಕಟ್ಟಿದ, ಬಣ್ಣ ಬಳಿದ, ಹೋದ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಕೊಳವೆಯನ್ನೇ ಇಟ್ಟಿರಲಿಲ್ಲ. ಪಾರಿವಾಳದ ಹಿಕ್ಕೆ, ತರಗೆಲೆ, ದೂಳು ಎಲ್ಲವೂ ನೇರವಾಗಿ ತೊಟ್ಟಿಗೆ. ಪಂಚಾಯಿತಿಗೆ ಅರ್ಜಿ ಕೊಟ್ಟರೆ ‘ಅದು ನಮ್ಮ ಕಾಮಗಾರಿಯಲ್ಲ’, ಇಲಾಖೆಗೆ ಬರೆದರೆ ‘ಹಸ್ತಾಂತರವಾಗಿದೆ’. ಕೊನೆಗೆ ಕೈಯಿಂದಲೇ ಹಾಕಿದೆ. ಚಾವಣಿಯಂಚಿನಲ್ಲಿ ನೀರು ಹಿಡಿಯುವ ಪಿವಿಸಿ ದೋಣಿಗೆ 11,400, ಕ್ಲಾಂಪಿಗೆ 1,350, ವಾಲ್ವಿಗೆ 780, ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿಗೆ 2,600, ಪ್ಲಂಬರಿಗೆ 3,000. ಬೇಸಿಗೆ ರಜೆಯಲ್ಲಿ ಕೋತಿಗಳು ದೋಣಿಗೆ ಜೋತುಬಿದ್ದು ಮುರಿದವು. ಮತ್ತೆ 4,200. ರಸೀದಿಗಳು ಇಂದಿಗೂ ಬೀರುವಿನಲ್ಲಿವೆ. ಒಂದು ರೂಪಾಯಿಯೂ ಹಿಂದಿರುಗಲಿಲ್ಲ. ಆದರೂ ನಾನು ನೆಟ್ಟ ನೀಲಗಿರಿ ಸಾಲು ಶಾಲೆಯ ಹಿಂದೆ ಇಂದಿಗೂ ನಿಂತಿದೆ.

ಪಿಡಿಒ ಒಬ್ಬ:
ಮೇಷ್ಟ್ರೇ, ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರದ ಕೆಲಸಕ್ಕೆ ಬಿಲ್ ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದು ನಮಗೆ, ನಿಮಗಲ್ಲ. ಎಲ್ಲ ಮುಗಿದ ಮೇಲೆ ರಸೀದಿ ತಂದು ಮೇಜಿನ ಮೇಲಿಟ್ಟರೆ ಯಾವ ಪಿಡಿಒ ಏನು ಮಾಡಬೇಕು?

ನಾನು ಮಾಡಿಸಿದ್ದನ್ನು ಹೇಳುತ್ತೇನೆ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಖರ್ಚಾಗಬೇಕಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ತೊಟ್ಟಿಯನ್ನು ಅದರಲ್ಲಿ ತೋರಿಸಿದೆ. ಇಂಗುಗುಂಡಿ, ಕೈತೋಟಗಳನ್ನು ಉದ್ಯೋಗ ಖಾತರಿಯ ನರೇಗಾದಲ್ಲಿ. ಅದು 2024-25, ದಿನಗೂಲಿ 349 ರೂಪಾಯಿ. ಕೂಲಿ ಶೇ 60, ಸಾಮಗ್ರಿ ಶೇ 40 ಎಂಬ ಅನುಪಾತ ಕೆಡದಂತೆ ಸಿಮೆಂಟಿನ ಕೆಲಸ ಕಡಿಮೆ ಮಾಡಿ, ಅಗೆಯುವ ಕೆಲಸ ಹೆಚ್ಚಿಸಿದೆ. ಕೂಲಿಯವರ ಹಾಜರಿಗೆ ದಿನಕ್ಕೆ ಎರಡು ಬಾರಿ ಆ್ಯಪ್‌ನಲ್ಲಿ ಫೋಟೊ ಹಾಕಬೇಕಿತ್ತು. ನಮ್ಮ ಶಾಲೆ ಇರುವುದು ಗುಡ್ಡದ ಮರೆಯಲ್ಲಿ, ಸಿಗ್ನಲ್ ಇಲ್ಲ. ಮಧ್ಯಾಹ್ನದ ಫೋಟೊ ಏರದೆ ಒಂದು ವಾರದ ಎನ್‌ಎಂಆರ್‌ನಲ್ಲಿ (ಕೂಲಿಯವರ ಹಾಜರಿ ಪಟ್ಟಿ) ಅರ್ಧ ಕೂಲಿ ಹೋಯಿತು. ಹೆಂಗಸರು ಕಚೇರಿಗೆ ಬಂದು ನನ್ನ ಮುಖಕ್ಕೆ ಬೈದರು. ಆದರೂ ನುಗ್ಗೆ, ಕರಿಬೇವು, ಪಪ್ಪಾಯ ಇಂದು ಬಿಸಿಯೂಟದ ಸಾಂಬಾರಿಗೆ ಬರುತ್ತಿವೆ.

ಅಂದಹಾಗೆ, 2017ರಲ್ಲಿ ರಾಜ್ಯದಲ್ಲಿ ನೀಲಗಿರಿ ನೆಡುವುದನ್ನೇ ನಿಷೇಧಿಸಲಾಯಿತು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಡಿ.

ನಿವೃತ್ತ ಮೇಷ್ಟ್ರು:
ನಾನು ನೆಟ್ಟದ್ದು 1994ರಲ್ಲಿ. ಸಸಿಗಳನ್ನು ಲಾರಿಯಲ್ಲಿ ತಂದು ಇಳಿಸಿದ್ದು ಸರ್ಕಾರವೇ. ಆಗ ನೀವು ಯಾವ ತರಗತಿಯಲ್ಲಿದ್ದಿರಿ ಸ್ವಾಮಿ?

ಮಾಜಿ ಸದಸ್ಯ, ತೀರ್ಥಹಳ್ಳಿ ಕಡೆ:
ಇಬ್ಬರೂ ನೀರಿಗೇ ಹೊಡೆದಾಡುತ್ತಿದ್ದೀರಿ. ನಾವು ಅಡುಗೆಮನೆಗೆ ಗೋಬರ್ ಗ್ಯಾಸ್ ಹಾಕಿಸಿದೆವು, ಎರಡು ಘನಮೀಟರಿನದು. ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಶಾಲೆಯಲ್ಲಿ ದನ ಎಲ್ಲಿದೆ? ಊಟದ ಮುಸುರೆ ಹಾಕಿದರೆ ಸಾಕು ಎಂದು ಮಾರಿದವರು ಹೇಳಿದ್ದರು. ಅನ್ನದ ಗಂಜಿ ಹೆಚ್ಚಾಗಿ ಗುಂಡಿ ಹುಳಿಯಾಯಿತು, ಗ್ಯಾಸ್ ಏಳಲಿಲ್ಲ. ಸುಣ್ಣ ಹಾಕಿ, ಪಕ್ಕದ ಮನೆಯಿಂದ ಸಗಣಿ ಹೊರಿಸಿ ಸರಿಮಾಡುವಷ್ಟರಲ್ಲಿ ಏಪ್ರಿಲ್ ರಜೆ ಬಂತು. ರಜೆಯಲ್ಲಿ ಉಣ್ಣಿಸುವವರಿಲ್ಲದೆ ಮತ್ತೆ ಸತ್ತಿತು. ಒಂದು ಘನಮೀಟರ್ ಗೋಬರ್ ಗ್ಯಾಸ್ ಅರ್ಧ ಕಿಲೋ ಸಿಲಿಂಡರ್ ಗ್ಯಾಸಿಗೂ ಸಾಟಿಯಲ್ಲ ಎಂದು ಮೊದಲೇ ಯಾರೂ ಹೇಳಲಿಲ್ಲ. ಗುಂಡಿಗೆ 38,000, ಬರ್ನರ್ ಮತ್ತು ಪೈಪಿಗೆ 6,500. ಮುಂದಿನ ಚುನಾವಣೆಯಲ್ಲಿ ಎದುರಾಳಿ ಆ ಗುಂಡಿಯನ್ನೇ ತೋರಿಸಿ ಮತ ಕೇಳಿದ.

ಕಸದ ಗಾಡಿ:
ಮಲೆನಾಡಿನಲ್ಲಿ ಮಳೆ ಕೇಳದೆ ಬರುತ್ತದೆ, ಅದಕ್ಕೇ ಅಣ್ಣನಿಗೆ ನೀರಿನ ಮಾತು ಹಗುರ. ನಾನು ಸ್ವಸಹಾಯ ಸಂಘದಿಂದ ಪಂಚಾಯಿತಿಯ ಕಸದ ಗಾಡಿ ಓಡಿಸುತ್ತೇನೆ. ಶಾಲೆಯ ಬಾಗಿಲಿಗೆ ವಾರಕ್ಕೊಮ್ಮೆ ಹೋದರೆ ಸಾಕು, ಹಸಿ ಕಸವನ್ನು ಅಲ್ಲೇ ಗೊಬ್ಬರ ಮಾಡಿದ್ದರೆ. ಆದರೆ ವಿಂಗಡಿಸುವವರು ಯಾರು? ಮೇಷ್ಟ್ರುಗಳು ಅಡುಗೆಯವರ ಕಡೆ ಕೈ ತೋರಿಸುತ್ತಾರೆ. ಆ ಅಕ್ಕಂದಿರು ಅನ್ನ ಬೇಯಿಸಬೇಕೋ, ಮಕ್ಕಳು ಎಸೆದ ಕುರುಕಲು ತಿಂಡಿಯ ಪೊಟ್ಟಣ ಹೆಕ್ಕಬೇಕೋ? ಗೇಟಿನ ಎದುರಿನ ಅಂಗಡಿಗೆ ಪಂಚಾಯಿತಿ ನೋಟಿಸ್ ಕೊಟ್ಟ ಮೇಲೆ ಮಾತ್ರ ನಮ್ಮ ಚೀಲ ಹಗುರವಾಯಿತು. ಅಂಗಡಿಯವನು ಸದಸ್ಯರೊಬ್ಬರ ಭಾವಮೈದುನ. ನೋಟಿಸ್ ಕೊಡಿಸಲು ಎಷ್ಟು ಜಗಳವಾಯಿತೆಂದು ಹೇಳಿದರೆ ಇಲ್ಲಿ ಜಾಗ ಸಾಲದು.

ನಿವೃತ್ತ ಮೇಷ್ಟ್ರು:
ಮೇಷ್ಟ್ರುಗಳೆಲ್ಲ ಒಂದೇ ಎನ್ನಬೇಡ ತಾಯಿ.

ಕಸದ ಗಾಡಿ:
ನಾನು ನೋಡಿದವರನ್ನು ಹೇಳಿದೆ. ನಿಮ್ಮನ್ನು ನೋಡಿಲ್ಲ.

ಸೂರ್ಯನ ಮಗ:
ಸೌರ ಫಲಕ ಹಾಕಿಸಿ ಎಂದು ಬರೆಯಲು ಬಂದೆ. ಸರ್ಕಾರಿ ಶಾಲೆಗೆ ವಿದ್ಯುತ್ ಉಚಿತ ಎಂದು 2023ರ ರಾಜ್ಯೋತ್ಸವದಂದು ಘೋಷಣೆಯಾದ ಮೇಲೆ ನಮ್ಮ ಊರಿನ ಸದಸ್ಯರು ‘ಉಳಿತಾಯವೇ ಇಲ್ಲದಿದ್ದರೆ ಫಲಕ ಏಕೆ’ ಎಂದು ಎದ್ದುಹೋದರು. ಬ್ಯಾಟರಿಯ ಕಥೆ ಕೇಳಬೇಡಿ.

ಪಿಡಿಒ ಒಬ್ಬ:
ಯಾರೂ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಅಮ್ಮ, ನಿಮಗೆ ಮೊದಲು ತೊಟ್ಟಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಬಾರದು, ಕುದಿಸಿದರೂ ಹೋಗುವುದಿಲ್ಲ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಚಾವಣಿ 180 ಚದರ ಮೀಟರ್, ವರ್ಷಕ್ಕೆ 500 ಮಿಲಿಮೀಟರ್ ಎಂದು ಹಿಡಿದು, ಐದನೇ ಒಂದು ಭಾಗ ನಷ್ಟ ಕಳೆದರೂ 72,000 ಲೀಟರ್. 110 ಮಕ್ಕಳಿಗೆ ತಲೆಗೆ ಎರಡು ಲೀಟರಿನಂತೆ ದಿನಕ್ಕೆ 220. ನೀರಿಗೆ ಕೊರತೆಯಿಲ್ಲ, ತೊಟ್ಟಿ ಚಿಕ್ಕದಾದರೆ ಕೆಟ್ಟಿರಿ. 5,000 ಲೀಟರಿನದು ಮಳೆ ನಿಂತ ಮೇಲೆ ತಿಂಗಳೂ ಬಾರದು. 20,000 ಲೀಟರಿನ ತೊಟ್ಟಿಗೆ ಅಂದಾಜುಪಟ್ಟಿ ಕೇಳಿ. ಮೊದಲ ಮಳೆಯ ಕೊಳವೆಯನ್ನು ಪಟ್ಟಿಯಲ್ಲೇ ಬರೆಸಿ, ಇಲ್ಲದಿದ್ದರೆ ಮೇಷ್ಟ್ರ ಗತಿ.

ನಿವೃತ್ತ ಮೇಷ್ಟ್ರು:
ನಾನು ಹೇಳಿದ್ದನ್ನೇ ತಿರುಗಿಸಿ ಹೇಳಿದಿರಿ.

ಬೆಟ್ಟದ ತಪ್ಪಲು:
ಎಲ್ಲರಿಗೂ ನಮಸ್ಕಾರ. ಚಾವಣಿ ಯಾವುದೆಂದು ಯಾರೂ ಕೇಳಲಿಲ್ಲ. ನಮ್ಮದು ಹೆಂಚಿನದು, ಅರ್ಧ ಒಡೆದಿದೆ.

ಪಿಡಿಒ ಒಬ್ಬ:
ಹಾಗಾದರೆ ಹೆಂಚಿನ ದುರಸ್ತಿಗೆ ಬೇರೆ ಲೆಕ್ಕಶೀರ್ಷಿಕೆ ಹುಡುಕಬೇಕು. ನಿರ್ಬಂಧಿತ ಅನುದಾನದಲ್ಲಿ ನಾನಂತೂ ಬಿಲ್ ಮಾಡುವುದಿಲ್ಲ.

ನಿವೃತ್ತ ಮೇಷ್ಟ್ರು:
ನೋಡಿದಿರಾ ಅಮ್ಮ? ನನ್ನ ಕಾಲದಲ್ಲೂ ಇದೇ ಮಾತು. ಅಂದಹಾಗೆ ನಿಮ್ಮ ಊರಿನಲ್ಲಿ ಕೋತಿಗಳು ಇವೆಯೇ?