ಶಾಲೆ ಮಕ್ಕಳ ಜಲತರಂಗಕ್ಕೆ ಸ್ಟೀಲ್ ಲೋಟ ಸಾಕಾ?

ಹಾಸನದ ಟೀಚರ್:
ನಮ್ಮದು ಹಳ್ಳಿ ಶಾಲೆ. ಹಾರ್ಮೋನಿಯಂ ಕೂಡ ಇಲ್ಲ. ಬಿಸಿಯೂಟ ಆದಮೇಲೆ ನಾಲ್ಕನೇ ಕ್ಲಾಸಿನ ಮಕ್ಕಳು ಲೋಟಗಳಿಗೆ ನೀರು ತುಂಬಿ ಚಮಚದಲ್ಲಿ ಬಾರಿಸುತ್ತಾರೆ. ವಾರ್ಷಿಕೋತ್ಸವಕ್ಕೆ ಇವರಿಂದಲೇ ಜಲತರಂಗ ನುಡಿಸೋಣ ಅಂತ ಆಸೆ. ಅದಕ್ಕೆ ನೀರು ತುಂಬುವ ಬಟ್ಟಲು ಪಿಂಗಾಣಿಯದೇ ಆಗಬೇಕಾ? ಒಬ್ಬ ಹುಡುಗ ಇನ್ನೊಂದು ಕೇಳಿದ: ಲೋಟದಲ್ಲಿ ನೀರು ಹೆಚ್ಚಿದರೆ ಸ್ವರ ಇಳಿಯುತ್ತದೆ, ಆದರೆ ಬಾಟಲಿಯ ಬಾಯಿಗೆ ಊದುವಾಗ ನೀರು ಹೆಚ್ಚಿದರೆ ಏರುತ್ತದೆ. ಯಾಕೆ ಮಿಸ್?

ಧಾರವಾಡದ ನಿವೃತ್ತ ಮೇಷ್ಟ್ರು:
ಅಕ್ಕೋರೇ, ಆ ಹುಡುಗನ ಬೆನ್ನು ತಟ್ಟಿ. ಎಂಥ ಒಳ್ಳೆ ಪ್ರಶ್ನೆ! ಲೋಟ ಬಾರಿಸಿದಾಗ ನಡುಗುವುದು ಅದರ ಮೈ. ನೀರು ಆ ಮೈಗೆ ಭಾರ ಹೇರುತ್ತದೆ, ನಡುಕ ನಿಧಾನವಾಗಿ ಸ್ವರ ಇಳಿಯುತ್ತದೆ. ಬಾಟಲಿ ಊದಿದಾಗ ನಡುಗುವುದು ಒಳಗಿನ ಗಾಳಿ. ನೀರು ಏರಿದಷ್ಟೂ ಗಾಳಿಗೆ ಜಾಗ ಕಡಿಮೆ, ಸ್ವರ ಮೇಲೆ ಹೋಗುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆಯಬೇಡಿ. ಒಂದೇ ಗಾಜಿನ ಬಾಟಲಿ ಕೊಡಿ, ಮೊದಲು ಬಾರಿಸಲಿ, ಆಮೇಲೆ ಊದಲಿ.

ಬಟ್ಟಲು ಪಿಂಗಾಣಿಯದೇ ಇರಲಿ, ಸ್ಟೀಲಿನ ಸದ್ದು ನನಗೆ ಕರ್ಕಶ. ಹೊಸ ಸೆಟ್ ಕೊಳ್ಳಬೇಡಿ. ಮಕ್ಕಳ ಮನೆಗಳಿಂದ ಒಂದೊಂದು ತರಿಸಿ, ಅಳತೆ ಬೇರೆ ಬೇರೆ ಇದ್ದರೇ ಒಳ್ಳೆಯದು. ದೊಡ್ಡದು ಕೆಳಗಿನ ಸ್ವರಕ್ಕೆ, ಚಿಕ್ಕದು ಮೇಲಿನದಕ್ಕೆ. ಖಾಲಿ ಬಟ್ಟಲನ್ನು ತಟ್ಟಿ ನೋಡಿ. ಸಣ್ಣ ಸೀಳಿದ್ದರೂ ಸದ್ದು ಒಡಕು. ನೀರು ಸ್ವರವನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಹಾಗಾಗಿ ಖಾಲಿ ಬಟ್ಟಲಿನ ಸ್ವರ ನಿಮಗೆ ಬೇಕಾದದ್ದಕ್ಕಿಂತ ತುಸು ಮೇಲಿರಬೇಕು. ತಳದಲ್ಲಿ ನೀರಿದ್ದಾಗ ಬದಲಾವಣೆ ಗೊತ್ತೇ ಆಗುವುದಿಲ್ಲ. ಅಂಚಿನ ಹತ್ತಿರ ಬಂದಮೇಲೆ ಒಂದು ಚಮಚ ನೀರೂ ಜಾಸ್ತಿಯೇ. ಅಲ್ಲಿ ಡ್ರಾಪರ್ ಬಳಸಿ.

ಏಳೂ ಸ್ವರ ಬೇಡ. ಮೋಹನ ರಾಗ ಹಿಡಿಯಿರಿ: ಸ ರಿ ಗ ಪ ದ, ಮೇಲಿನ ಸ. ಆರೇ ಬಟ್ಟಲು ಸಾಕು. ಕೈ ತಪ್ಪಿ ಪಕ್ಕದ್ದಕ್ಕೆ ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ. ಶುರು ಮಾಡುವ ಮುಂಚೆ ನಮ್ಮ ಹುಬ್ಬಳ್ಳಿಯ ಶಶಿಕಲಾ ದಾನಿ ಅವರ ಜಲತರಂಗವನ್ನು ಮಕ್ಕಳಿಗೆ ಕೇಳಿಸಲೇಬೇಕು.

ಘಟ ಕಲಿಯುವವಳು, ಬೆಂಗಳೂರು:
ತಾಳಕ್ಕೆ ಒಂದು ಮಡಕೆ ಸೇರಿಸಿ ಟೀಚರ್. ಸಂಗೀತ ಕಛೇರಿಯಲ್ಲಿ ಬಾರಿಸುವ ಘಟ ಬೇರೆ. ತಮಿಳುನಾಡಿನ ಮಾನಾಮದುರೈ ಘಟವಂತೂ ದಪ್ಪ, ಭಾರ. ಸುಟ್ಟಮೇಲೆ ಘಟದ ಶ್ರುತಿ ಹೆಚ್ಚು ಬದಲಿಸಲಾಗದು. ಅದಕ್ಕೇ ಘಟ ವಾದಕಿ ಸುಕನ್ಯಾ ರಾಮಗೋಪಾಲ್ ಅವರು ಘಟ ತರಂಗಕ್ಕೆ ಬೇರೆ ಬೇರೆ ಶ್ರುತಿಯ ಘಟಗಳನ್ನು ಜೋಡಿಸುತ್ತಾರೆ. ನಿಮಗೆ ನೀರಿನ ಮಡಕೆ ಸಾಕು. ಅದರ ಬಾಯಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ಬಾರಿಸಿದರೆ ‘ಗುಂ’ ಅನ್ನುವ ಸದ್ದು ಬದಲಾಗುತ್ತದೆ. ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ. ಉಂಗುರ, ಬಳೆ ಮಾತ್ರ ತೆಗೆಸಿ.

ಹಾಸನದ ಟೀಚರ್:
ಇಬ್ಬರಿಗೂ ಧನ್ಯವಾದ. ಮೇಷ್ಟ್ರೇ, ಬಾರಿಸಲು ಚಮಚವೇ ಸಾಕಾ?

ಧಾರವಾಡದ ನಿವೃತ್ತ ಮೇಷ್ಟ್ರು:
ಚಮಚ ಬೇಡ, ತೆಳು ಬಿದಿರು ಕಡ್ಡಿ ಕೊಡಿ. ಅಂಚಿಗೆ ಮೆಲ್ಲಗೆ ತಾಗಿಸಿದರೆ ಸಾಕು. ಶ್ರುತಿಯನ್ನು ವೇದಿಕೆಯ ಮೇಲೇ ಮಾಡಿ. ಸ್ಟಾಫ್ ರೂಮಿನಲ್ಲಿ ಮಾಡಿ ಹೊತ್ತು ತಂದರೆ ದಾರಿಯಲ್ಲೇ ನೀರು ತುಳುಕುತ್ತದೆ.