ಡಿಟಿಎಂಎಫ್ ಸ್ವರಗಳು: 4 ಮತ್ತು 5 ಮಾತ್ರ ಏಕೆ ತಪ್ಪಿಹೋಗುತ್ತವೆ?

ಪ್ರಶ್ನೆ

ದೂರವಾಣಿಯ ಗುಂಡಿ ಒತ್ತಿದಾಗ ಕೇಳಿಸುವ ಡಿಟಿಎಂಎಫ್ ಸ್ವರಗಳನ್ನು (ಪ್ರತಿ ಗುಂಡಿಗೂ ಒಂದು ತಗ್ಗಿನ, ಒಂದು ಎತ್ತರದ ಸ್ವರ, ಎರಡೂ ಒಟ್ಟಿಗೆ) ಮೈಕ್ರೊಕಂಟ್ರೋಲರ್ ಒಂದರಿಂದ ಹುಟ್ಟಿಸುವ ಪ್ರಯತ್ನದಲ್ಲಿದ್ದೇನೆ. ಸೈನ್ ಅಲೆಯ ಒಂದು ಪೂರ್ಣ ಸುತ್ತನ್ನು 256 ಬೆಲೆಗಳ ಟೇಬಲ್ ಆಗಿ ಇಟ್ಟುಕೊಂಡಿದ್ದೇನೆ. 16 ಮೆಗಾಹರ್ಟ್ಜ್ ಕ್ರಿಸ್ಟಲ್‌ನಿಂದ ನಡೆಯುವ ಟೈಮರ್ ಸೆಕೆಂಡಿಗೆ 8000 ಬಾರಿ ಇಂಟರಪ್ಟ್ ಕೊಡುತ್ತದೆ. ಪ್ರತಿ ಇಂಟರಪ್ಟ್‌ನಲ್ಲಿಯೂ ಎರಡು ಸ್ವರಗಳಿಗೆ ಸೇರಿದ ಎರಡು ಸೂಚ್ಯಂಕಗಳನ್ನು ತಮ್ಮ ತಮ್ಮ ಹೆಜ್ಜೆಯಷ್ಟು ಮುಂದೂಡಿ, ಟೇಬಲ್‌ನಿಂದ ಸಿಕ್ಕ ಎರಡು ಬೆಲೆಗಳನ್ನು ಅರ್ಧಕ್ಕಿಳಿಸಿ ಕೂಡಿಸಿ, 8 ಬಿಟ್‌ನ ಡಿಎಸಿಗೆ (ಸಂಖ್ಯೆಯನ್ನು ವೋಲ್ಟೇಜ್ ಆಗಿಸುವ ಪರಿವರ್ತಕ) ಬರೆಯುತ್ತೇನೆ. ಹೆಜ್ಜೆಯನ್ನು ಲೆಕ್ಕ ಹಾಕುವುದು ಹೀಗೆ: ಆವರ್ತನವನ್ನು 256ರಿಂದ ಗುಣಿಸಿ 8000ದಿಂದ ಭಾಗಿಸುವುದು, ಎಲ್ಲವೂ ಪೂರ್ಣಾಂಕಗಳಲ್ಲಿ.

ಕಿವಿಗೆ ಎಲ್ಲ ಸ್ವರಗಳೂ ಸರಿಯಾಗಿಯೇ ಕೇಳಿಸುತ್ತವೆ. ಆದರೆ ಸ್ವರಗಳಿಂದ ಅಂಕಿಯನ್ನು ಗುರುತಿಸುವ ಡಿಕೋಡರ್‌ಗೆ ಕೊಟ್ಟಾಗ 3, 9 ಮತ್ತು # ಒಮ್ಮೆಯೂ ತಪ್ಪುವುದಿಲ್ಲ. 4 ಮತ್ತು 5 ಹೆಚ್ಚುಕಡಿಮೆ ಯಾವಾಗಲೂ ತಪ್ಪುತ್ತವೆ. ಉಳಿದವು ಒಂದು ಡಿಕೋಡರ್‌ನಲ್ಲಿ ಹಿಡಿದರೆ ಇನ್ನೊಂದರಲ್ಲಿ ಹಿಡಿಯುವುದಿಲ್ಲ. ತಂತಿಯ ಜೋಡಣೆಯನ್ನೂ ಡಿಎಸಿಯನ್ನೂ ಬದಲಾಯಿಸಿ ನೋಡಿದ್ದಾಯಿತು. ದೋಷವು ಯಂತ್ರಾಂಶದ್ದಾಗಿದ್ದರೆ ಎಲ್ಲ ಅಂಕಿಗಳೂ ಸಮನಾಗಿ ಕೆಡಬೇಕಿತ್ತಲ್ಲವೇ? ಟೇಬಲ್ ದೊಡ್ಡದು ಮಾಡಿದರೆ ಸರಿಹೋದೀತೇ?

ಉತ್ತರ 1

ಯಾವ ಅಂಕಿ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ಬಿಡಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ದೋಷದ ಜಾಗವನ್ನು ಆ ಪಟ್ಟಿಯೇ ತೋರಿಸಿಕೊಡುತ್ತದೆ. ನಿಮ್ಮ ಪೂರ್ಣಾಂಕ ಭಾಗಾಕಾರವು ಹೆಜ್ಜೆಯ ದಶಮಾಂಶ ಭಾಗವನ್ನು ಕತ್ತರಿಸಿ ಎಸೆಯುತ್ತಿದೆ.

256 ಬೆಲೆಗಳ ಟೇಬಲ್ ಮತ್ತು ಸೆಕೆಂಡಿಗೆ 8000 ಮಾದರಿಗಳು (ಡಿಎಸಿಗೆ ಹೋಗುವ ಬೆಲೆಗಳು) ಎಂದಾಗ ಒಂದು ಪೂರ್ಣ ಹೆಜ್ಜೆಯ ಬೆಲೆ 31.25 ಹರ್ಟ್ಜ್, ಅದರ ಗುಣಕಗಳನ್ನು ಬಿಟ್ಟು ಬೇರೆ ಯಾವ ಆವರ್ತನವನ್ನೂ ನಿಮ್ಮ ಪ್ರೋಗ್ರಾಂ ಹುಟ್ಟಿಸಲಾರದು. ಗುಂಡಿಗಳ ಸಾಲುಗಳಿಗೆ ಮೇಲಿನಿಂದ ಕೆಳಕ್ಕೆ 697, 770, 852, 941 ಹರ್ಟ್ಜ್, ಕಂಬಗಳಿಗೆ ಎಡದಿಂದ ಬಲಕ್ಕೆ 1209, 1336, 1477 ಹರ್ಟ್ಜ್ ಸೇರಿವೆ. 770 ಹರ್ಟ್ಜ್‌ಗೆ ಬೇಕಾದ ಹೆಜ್ಜೆ 24.64, ಆದರೆ ಅದು 24 ಆಗಿ, ಹೊರಬರುವುದು 750 ಹರ್ಟ್ಜ್. ಅಂದರೆ ಶೇಕಡಾ 2.6ರಷ್ಟು ಕಡಿಮೆ. 1209ಕ್ಕೆ ಬದಲಾಗಿ 1187.5, 1336ಕ್ಕೆ ಬದಲಾಗಿ 1312.5 ಬರುತ್ತದೆ, ಇವೆರಡೂ ಶೇಕಡಾ 1.8ರ ಆಸುಪಾಸಿನಲ್ಲಿ ಕಡಿಮೆ. 697 ಶೇಕಡಾ 1.4ರಷ್ಟು, 852 ಸುಮಾರು 1ರಷ್ಟು ತಗ್ಗುತ್ತವೆ. 941 ಮತ್ತು 1477ರಲ್ಲಿ ತಪ್ಪು ಅರ್ಧ ಶೇಕಡಾದ ಹತ್ತಿರ. ಡಿಕೋಡರ್‌ಗಳು ಸಾಮಾನ್ಯವಾಗಿ ಶೇಕಡಾ 1.5ರವರೆಗಿನ ತಪ್ಪನ್ನು ಒಪ್ಪಲೇಬೇಕು, ಶೇಕಡಾ 3.5ನ್ನು ಮೀರಿದರೆ ತಳ್ಳಿಹಾಕಲೇಬೇಕು. ನಡುವಿನ ಪಟ್ಟಿಯಲ್ಲಿ ಏನು ಮಾಡಬೇಕೆಂಬುದು ಆಯಾ ಡಿಕೋಡರ್‌ಗೆ ಬಿಟ್ಟದ್ದು. 3, 9 ಮತ್ತು # ಈ ಮೂರರಲ್ಲಿ ಮಾತ್ರ ಎರಡೂ ಸ್ವರಗಳು 1.5ರ ಒಳಗಿವೆ, 4 ಮತ್ತು 5ರಲ್ಲಿ ಎರಡೂ ಹೊರಗಿವೆ. ಉಳಿದ ಅಂಕಿಗಳಲ್ಲಿ ಒಂದು ಒಳಗೆ, ಒಂದು ಹೊರಗೆ. ನೀವು ಕಂಡದ್ದಕ್ಕೂ ಈ ಲೆಕ್ಕಕ್ಕೂ ಎಲ್ಲಿಯೂ ವ್ಯತ್ಯಾಸವಿಲ್ಲ. ಕಿವಿಯನ್ನು ಇಲ್ಲಿ ನಂಬುವಂತಿಲ್ಲ, ಶೇಕಡಾ 2.6 ಎಂದರೆ ಸಂಗೀತದ ಒಂದು ಅರ್ಧಸ್ವರದ ಅರ್ಧಕ್ಕಿಂತಲೂ ಕಡಿಮೆ, ಹೋಲಿಸಲು ಪಕ್ಕದಲ್ಲಿ ಸರಿಯಾದ ಸ್ವರ ಇಲ್ಲದಿದ್ದರೆ ಅದು ಯಾರಿಗೂ ತಿಳಿಯದು.

ಟೇಬಲ್ ದೊಡ್ಡದು ಮಾಡಿದರೆ ತಪ್ಪು ಚಿಕ್ಕದಾಗುತ್ತದೆ ಎಂಬುದು ನಿಜ, ಆದರೆ ರೋಗ ಇರುವುದು ಟೇಬಲ್‌ನಲ್ಲಲ್ಲ. ಸೂಚ್ಯಂಕವನ್ನು 16 ಬಿಟ್‌ನ ಫೇಸ್ ಅಕ್ಯುಮುಲೇಟರ್ (ಹೆಜ್ಜೆಗಳನ್ನು ಕೂಡಿಸುತ್ತ ಹೋಗಿ ಅಲೆಯ ಸುತ್ತಿನಲ್ಲಿ ಎಲ್ಲಿದ್ದೇವೆಂದು ಹೇಳುವ ಸಂಖ್ಯೆ) ಆಗಿ ಇಟ್ಟುಕೊಂಡು, ಅದರ ಮೇಲಿನ 8 ಬಿಟ್‌ಗಳಿಂದ ಟೇಬಲ್ ಓದಿರಿ. ಕೆಳಗಿನ 8 ಬಿಟ್‌ಗಳು ದಶಮಾಂಶ ಭಾಗವನ್ನು ಕಾಪಾಡಿಕೊಂಡು ಮುಂದಿನ ಮಾದರಿಗೆ ದಾಟಿಸುತ್ತವೆ. ಆಗ ಹೆಜ್ಜೆ ಎಂದರೆ ಆವರ್ತನವನ್ನು 65536ರಿಂದ ಗುಣಿಸಿ, 4000 ಕೂಡಿಸಿ, 8000ದಿಂದ ಭಾಗಿಸಿದ್ದು. ಆ 4000 ಕೂಡಿಸುವುದು ಉತ್ತರವು ಹತ್ತಿರದ ಪೂರ್ಣಾಂಕಕ್ಕೆ ಬರಲಿ ಎಂದು. 697ಕ್ಕೆ ಇದು 5710 ಆಗುತ್ತದೆ, ಹೊರಬರುವ ಆವರ್ತನ 697.02 ಹರ್ಟ್ಜ್. ಟೇಬಲ್‌ನ ಕಡೆಯಿಂದ ನೋಡಿದರೆ, ಓದುವ ಜಾಗವು ಹತ್ತರಲ್ಲಿ ಸುಮಾರು ಏಳು ಬಾರಿ 22 ಮನೆ ಮುಂದೆ ಹೋಗುತ್ತದೆ, ಮೂರು ಬಾರಿ 23. ಅಕ್ಯುಮುಲೇಟರ್ 65535ನ್ನು ದಾಟಿದಾಗ ತಾನಾಗಿಯೇ ಹೊರಳಿಕೊಳ್ಳುವುದರಿಂದ ಸುತ್ತಿನ ಕೊನೆಯನ್ನು ಪರೀಕ್ಷಿಸುವ ಕೆಲಸವೂ ಉಳಿಯುತ್ತದೆ. ಗುಣಾಕಾರ 16 ಬಿಟ್‌ಗಳಲ್ಲಿ ಹಿಡಿಸದು, ಆದ್ದರಿಂದ ಎಂಟು ಹೆಜ್ಜೆಗಳನ್ನೂ ಮೊದಲೇ ಲೆಕ್ಕ ಹಾಕಿ ಸ್ಥಿರ ಬೆಲೆಗಳಾಗಿ ಬರೆದಿಡುವುದು ಲೇಸು.

ಹೀಗೆ ಕೆಳಗಿನ ಬಿಟ್‌ಗಳನ್ನು ಬಿಟ್ಟು ಓದುವುದರಿಂದ ಹುಟ್ಟುವ ಕಲಬೆರಕೆ ಸ್ವರಗಳು 256ರ ಟೇಬಲ್‌ನಲ್ಲಿ ಮುಖ್ಯ ಸ್ವರಕ್ಕಿಂತ ಸುಮಾರು 48 ಡೆಸಿಬೆಲ್ ಕೆಳಗಿರುತ್ತವೆ. ಜಿ.711 ಎಂಬ ಧ್ವನಿ ಎನ್‌ಕೋಡಿಂಗ್‌ನ ದೂರವಾಣಿ ಜಾಲವೇ ಸುಮಾರು 38 ಡೆಸಿಬೆಲ್ ಕೆಳಗಿನ ಮಟ್ಟದಲ್ಲಿ ತನ್ನ ಗದ್ದಲವನ್ನು ಸೇರಿಸುವುದರಿಂದ, ಇದರ ಬಗ್ಗೆ ಚಿಂತೆ ಬೇಡ.

ಉತ್ತರ 2

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ದೂರವಾಣಿಯ ಸಂಜ್ಞೆಗಳಿಗೆ ಮಾತ್ರ ದೊರೆಯುವ ಒಂದು ಅನುಕೂಲವನ್ನು ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಡಿಟಿಎಂಎಫ್‌ನ ಎಂಟು ಆವರ್ತನಗಳೂ ಪೂರ್ಣ ಹರ್ಟ್ಜ್‌ಗಳಲ್ಲಿವೆ, ಮಾದರಿಗಳು ಸೆಕೆಂಡಿಗೆ 8000. ಹಾಗಾದರೆ ಟೇಬಲ್‌ನಲ್ಲಿ 8000 ಬೆಲೆಗಳಿದ್ದರೆ ಹೆಜ್ಜೆಯೂ ಆವರ್ತನವೂ ಒಂದೇ ಸಂಖ್ಯೆ! 697 ಹರ್ಟ್ಜ್‌ಗೆ 697 ಮನೆ ಮುಂದೆ ಹೋಗಿ, 8000ವನ್ನು ಮುಟ್ಟಿದಾಗ ಅಥವಾ ದಾಟಿದಾಗ 8000 ಕಳೆದರೆ ಸಾಕು. ಆವರ್ತನದ ಲೆಕ್ಕದಲ್ಲಿ ಲವಲೇಶವೂ ತಪ್ಪಿಲ್ಲ, ಉಳಿಯುವುದು ಕ್ರಿಸ್ಟಲ್‌ನ ತಪ್ಪು ಮಾತ್ರ. 16 ಬಿಟ್‌ನ ಬೆಲೆಗಳಾದರೆ ಇದಕ್ಕೆ 16000 ಬೈಟ್ ಬೇಕು, ಆದರೆ ಸೈನ್ ಅಲೆಯ ಕಾಲು ಭಾಗವನ್ನಷ್ಟೇ ಇಟ್ಟುಕೊಂಡು ಉಳಿದ ಮೂರು ಭಾಗಗಳನ್ನು ಕನ್ನಡಿಯಂತೆ ತಿರುಗಿಸಿ ಓದಿದರೆ 2001 ಬೆಲೆಗಳಲ್ಲಿ ಮುಗಿಯುತ್ತದೆ.

ಬೇರೆ ಸಂಜ್ಞೆಗಳಲ್ಲಿ ಇದು ಇನ್ನೂ ಅಗ್ಗ. ದೂರವಾಣಿ ವಿನಿಮಯ ಕೇಂದ್ರಗಳು ಒಂದಕ್ಕೊಂದು ಅಂಕಿ ಕಳುಹಿಸಲು ಬಳಸುತ್ತಿದ್ದ ಹಳೆಯ ಆರ್1 ಪದ್ಧತಿಯ ರಿಜಿಸ್ಟರ್ ಸ್ವರಗಳು 700ರಿಂದ 1700ರವರೆಗೆ 200 ಹರ್ಟ್ಜ್ ಅಂತರದಲ್ಲಿವೆ, ಎಲ್ಲವೂ 100ರ ಗುಣಕಗಳು. ಆದ್ದರಿಂದ ಬರಿಯ 80 ಬೆಲೆಗಳ ಟೇಬಲ್ ಅವುಗಳನ್ನು ನಿಖರವಾಗಿ ಕೊಡುತ್ತದೆ. ಆರ್2 ಪದ್ಧತಿಯ 540ರಿಂದ 1980ರವರೆಗಿನ ಸ್ವರಗಳಿಗೆ 400 ಬೆಲೆಗಳು ಸಾಕು. ಡಿಟಿಎಂಎಫ್‌ನಲ್ಲಿ ಈ ಸಲುಗೆ ಸಿಗದಿರುವುದಕ್ಕೆ ಕಾರಣ ಆ ಸಂಖ್ಯೆಗಳ ಆಯ್ಕೆಯಲ್ಲಿಯೇ ಇದೆ: ಯಾವ ಸ್ವರವೂ ಇನ್ನೊಂದರ ಗುಣಕವಾಗಬಾರದು, ಯಾವ ಎರಡರ ಮೊತ್ತ ಅಥವಾ ವ್ಯತ್ಯಾಸವೂ ಮೂರನೆಯದಾಗಬಾರದು ಎಂದು ಬೇಕೆಂದೇ ಅಂಥ ಒರಟು ಸಂಖ್ಯೆಗಳನ್ನು ಹುಡುಕಿ ಇಟ್ಟಿದ್ದಾರೆ.

ಟೇಬಲ್‌ಗೆ ಜಾಗವೇ ಇಲ್ಲದಿದ್ದರೆ, ಹಿಂದಿನ ಎರಡು ಮಾದರಿಗಳಿಂದ ಮುಂದಿನದನ್ನು ಪಡೆಯುವ ದಾರಿಯೂ ಇದೆ: ಒಂದು ಮಾದರಿಯ ಅವಧಿಯಲ್ಲಿ ಅಲೆ ಸಾಗುವ ಕೋನದ ಕೊಸೈನ್‌ನ ಎರಡರಷ್ಟರಿಂದ ಹಿಂದಿನ ಮಾದರಿಯನ್ನು ಗುಣಿಸಿ, ಅದರ ಹಿಂದಿನದನ್ನು ಕಳೆಯುವುದು. 697ಕ್ಕೆ ಆ ಗುಣಕ 1.7077. ಇದು 1ಕ್ಕಿಂತ ದೊಡ್ಡದಾದ್ದರಿಂದ 16 ಬಿಟ್‌ನ ಭಿನ್ನರಾಶಿಯಲ್ಲಿ ಹಿಡಿಸದು. ಅದರ ಅರ್ಧವನ್ನು 32768ರಿಂದ ಗುಣಿಸಿ, ಅಂದರೆ 27980 ಎಂಬ ಸಂಖ್ಯೆಯನ್ನು ಇಟ್ಟುಕೊಂಡು, ಗುಣಲಬ್ಧವನ್ನು ಇಮ್ಮಡಿಸಬೇಕು. 100 ಮಿಲಿಸೆಕೆಂಡಿನ ಸ್ವರಕ್ಕೆ 800 ಮಾದರಿಗಳಷ್ಟೇ ಬೇಕಾಗುವುದರಿಂದ ಇದು ಚೆನ್ನಾಗಿ ನಡೆಯುತ್ತದೆ. ಆದರೆ ನಿಮಿಷಗಟ್ಟಲೆ ನಿಲ್ಲಬೇಕಾದ ಸ್ವರಕ್ಕೆ ಇದನ್ನು ಬಳಸಬೇಡಿರೆಂದು ಕೇಳಿಕೊಳ್ಳುತ್ತೇನೆ. ಪ್ರತಿ ಮಾದರಿಯಲ್ಲಿ ಉಳಿಯುವ ಚಿಕ್ಕ ತಪ್ಪುಗಳು ಸೇರುತ್ತ ಹೋಗಿ ಅಲೆಯ ಎತ್ತರ ಮೆಲ್ಲಗೆ ಬದಲಾಗುತ್ತದೆ, ಅದನ್ನು ಮರಳಿ ಸರಿಪಡಿಸುವಂಥದ್ದು ಆ ಸೂತ್ರದಲ್ಲಿ ಏನೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 16 ಬಿಟ್‌ನ ಅಕ್ಯುಮುಲೇಟರ್ ಹಾಕಿದ ಕೂಡಲೇ 4 ಮತ್ತು 5 ಎರಡೂ ಡಿಕೋಡರ್‌ಗಳಲ್ಲಿ ಹಿಡಿದವು. ಇನ್ನೊಂದು ತೊಂದರೆ ಉಳಿದಿದೆ. ಪ್ರತಿ ಅಂಕಿಯ ಆರಂಭದಲ್ಲಿಯೂ ಕೊನೆಯಲ್ಲಿಯೂ ಟಕ್ ಎಂಬ ಸದ್ದು ಕೇಳಿಸುತ್ತದೆ, ಉದ್ದನೆಯ ತಂತಿಯ ಮೇಲೆ ಕೆಲವು ಅಂಕಿಗಳು ಈಗಲೂ ತಪ್ಪುತ್ತವೆ. ಎರಡು ಅಂಕಿಗಳ ನಡುವೆ ಡಿಎಸಿಗೆ ಸೊನ್ನೆ ಬರೆದು ಟೈಮರ್ ನಿಲ್ಲಿಸುತ್ತೇನೆ. ಎರಡು ಸ್ವರಗಳ ಮಟ್ಟವೂ ಒಂದೇ.

ಉತ್ತರ 3

ಟಕ್ ಸದ್ದಿನ ಮೂಲ ಆ ಸೊನ್ನೆಯೇ. 8 ಬಿಟ್‌ನ ಡಿಎಸಿಯಲ್ಲಿ ಮೌನವೆಂದರೆ ಅಲೆಯ ನಡುಗೆರೆಯಾದ 128. ಸೊನ್ನೆ ಬರೆದರೆ ವೋಲ್ಟೇಜ್ ನಡುಗೆರೆಯಿಂದ ತಳಕ್ಕೆ ಒಮ್ಮೆಲೇ ಕುಸಿಯುತ್ತದೆ, ಮುಂದಿನ ಅಂಕಿಗೆ ಮತ್ತೆ ಜಿಗಿಯುತ್ತದೆ. ಮೌನದ ಹೊತ್ತಿನಲ್ಲಿಯೂ ಟೈಮರ್ ನಡೆಯುತ್ತಿರಲಿ, 128 ಹೋಗುತ್ತಿರಲಿ. ಎರಡೂ ಅಕ್ಯುಮುಲೇಟರ್‌ಗಳನ್ನು ಸೊನ್ನೆಯಿಂದ ಹೊರಡಿಸಿದರೆ ಆರಂಭ ಮೃದುವಾಗುತ್ತದೆ, ಆದರೆ ಕೊನೆಯಲ್ಲಿ ಎರಡು ಅಲೆಗಳು ಒಟ್ಟಿಗೆ ನಡುಗೆರೆಗೆ ಬಂದಿರುವ ಭರವಸೆಯಿಲ್ಲ. ಅದಕ್ಕಾಗಿ ಕೊನೆಯ 40 ಮಾದರಿಗಳಲ್ಲಿ, ಅಂದರೆ 5 ಮಿಲಿಸೆಕೆಂಡುಗಳಲ್ಲಿ, ಮಟ್ಟವನ್ನು ಮೆಲ್ಲಗೆ ಇಳಿಸಿರಿ. ಈ ಇಳಿತವನ್ನು ಸ್ವರದ ಅವಧಿಗೆ ಲೆಕ್ಕ ಹಿಡಿಯಬೇಡಿ. 40 ಮಿಲಿಸೆಕೆಂಡಿನ ಸ್ವರವನ್ನೇ ಹಿಡಿಯಬಲ್ಲ ಡಿಕೋಡರ್‌ಗಳಿದ್ದರೂ, 80 ಸ್ವರಕ್ಕೆ, 80 ಮೌನಕ್ಕೆ ಕೊಡುವುದೇ ನನ್ನ ರೂಢಿ.

ಮಟ್ಟದ ವಿಷಯದಲ್ಲಿ ಸಮಾನತೆ ಒಳ್ಳೆಯದಲ್ಲ. ಉದ್ದನೆಯ ತಂತಿಯು ಎತ್ತರದ ಆವರ್ತನಗಳನ್ನು ಹೆಚ್ಚು ಕುಗ್ಗಿಸುತ್ತದೆ; ಜೊತೆಗೆ ಡಿಎಸಿಯು ಪ್ರತಿ ಬೆಲೆಯನ್ನು ಮುಂದಿನದು ಬರುವವರೆಗೆ ಹಿಡಿದಿಡುವುದರಿಂದಲೂ 1477 ಹರ್ಟ್ಜ್ ಅರ್ಧ ಡೆಸಿಬೆಲ್‌ನಷ್ಟು ಇಳಿದಿರುತ್ತದೆ, 697ರಲ್ಲಿ ಈ ಇಳಿಕೆ 0.1 ಮಾತ್ರ. ಆದ್ದರಿಂದ ಮೇಲಿನ ಗುಂಪಿನ ಸ್ವರವನ್ನು ಸುಮಾರು 2 ಡೆಸಿಬೆಲ್ ಹೆಚ್ಚಾಗಿ ಕಳುಹಿಸುವುದು ವಾಡಿಕೆ. ಪೂರ್ಣ ಮಟ್ಟದ 0.35 ಭಾಗವನ್ನು ಕೆಳಗಿನ ಸ್ವರಕ್ಕೆ, 0.44 ಭಾಗವನ್ನು ಮೇಲಿನದಕ್ಕೆ ಕೊಟ್ಟರೆ ಆ ಅಂತರ ಬರುತ್ತದೆ, ಮೊತ್ತವೂ 0.79ನ್ನು ಮೀರದು. ಡಿಎಸಿಯ ಮುಂದೆ ಫಿಲ್ಟರ್ ಇಲ್ಲದಿದ್ದರೆ ಹಾಕಿರಿ. 1477ರ ಪ್ರತಿಬಿಂಬ, ಅಂದರೆ ಅದನ್ನು 8000ದಿಂದ ಕಳೆದಲ್ಲಿ ಹುಟ್ಟುವ ಬೇಡದ ಸ್ವರ, 6523 ಹರ್ಟ್ಜ್‌ನಲ್ಲಿ ಕುಳಿತಿರುತ್ತದೆ, ಅದನ್ನು ತಂತಿಗೆ ಬಿಡುವುದು ಸಲ್ಲದು.