ರಿಂಕ್‌ನ ಐಸನ್ನು ‘ಸಾರಿಸುವುದು’ ಅನ್ನಬಹುದೇ? ಇನ್ನೂ ಕೆಲವು ಪದ ಬೇಕು

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಮಕ್ಕಳ ಪುಟ ಬರೆಯುತ್ತಿದ್ದೇನೆ. ಈ ಸಲದ ವಿಷಯ ಒಳಾಂಗಣ ಐಸ್ ರಿಂಕ್, ಅಂದರೆ ಅಲಗಿನ ಬೂಟು (ಸ್ಕೇಟ್) ಹಾಕಿ ಜಾರುತ್ತಾ ಆಡಲು ಕಟ್ಟಡದೊಳಗೆ ಮಾಡಿದ ಐಸಿನ ಅಂಗಣ. ಹೊರಗೆ ಮೇ ತಿಂಗಳ ಸೆಕೆ ಇದ್ದರೂ ಒಳಗೆ ಐಸ್ ಕರಗದೆ ಹೇಗೆ ನಿಲ್ಲುತ್ತದೆ ಅಂತ. ವಿಷಯ ಅಷ್ಟೇನೂ ಕಷ್ಟವಿಲ್ಲ, ಪದಗಳೇ ತೊಡಕು.

ಮೊದಲು ‘ಮಂಜು’. ಬೆಳಗ್ಗೆ ಘಟ್ಟದಲ್ಲಿ ಕವಿಯುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು, ಗಟ್ಟಿಯಾದರೆ ಮಂಜುಗಡ್ಡೆ. ಬೇರೆ ಕಡೆ ಇದು ನಡೆಯುತ್ತದೆ, ಆದರೆ ರಿಂಕ್‌ನಲ್ಲಿ ಎಲ್ಲವೂ ಒಂದೇ ಸೂರಿನಡಿ ಬಂದು ಕೂರುತ್ತವೆ. ಕೆಳಗೆ ಐಸ್. ಸ್ಕೇಟಿನ ಅಲಗು ಕೆರೆದು ಎದ್ದ ಪುಡಿಯನ್ನು ಆಟದವರು ಸ್ನೋ ಅನ್ನುತ್ತಾರೆ. ನಮ್ಮ ಕಡಲ ತೀರದಂಥ ಹಸಿ ಗಾಳಿ ಒಳಗೆ ನುಗ್ಗಿದರೆ ಐಸಿನ ಮೇಲೆ ನಿಜವಾದ ಮಂಜು ಕವಿಯುತ್ತದೆ, ಅದೇ ತೇವ ಕೆಳಗೆ ಕೂತು ನುಣುಪೆಲ್ಲ ತರಿತರಿಯಾಗುತ್ತದೆ, ಅದಕ್ಕೇ ಗಾಳಿಯ ತೇವ ಹೀರುವ ಯಂತ್ರ ಇಟ್ಟಿರುತ್ತಾರೆ. ಈಗ ‘ಮಂಜುಗಡ್ಡೆಯ ಮೇಲೆ ಮಂಜು ಬಾರದಂತೆ ನೋಡಿಕೊಳ್ಳುತ್ತಾರೆ’ ಅಂತ ಬರೆದರೆ ಮಕ್ಕಳು ಯಾವುದನ್ನು ಅಂದುಕೊಳ್ಳಬೇಕು? ಇಲ್ಲಿನ ಮಕ್ಕಳಿಗೆ ಮರಾಠಿಯ ‘ಬರ್ಫ’ ಚೆನ್ನಾಗಿ ಗೊತ್ತು, ಆದರೆ ಅದೂ ಸ್ನೋ, ಐಸ್ ಎರಡಕ್ಕೂ ಒಂದೇ. (ಪಾರ್ಸಿಯಲ್ಲಿ ಬರ್ಫ್ ಅಂದರೆ ಸ್ನೋ, ಐಸಿಗೆ ಯಖ್ ಅಂತ ಬೇರೆ ಪದವೇ ಇದೆ. ನಮಗೆ ಬರುವಾಗ ಒಂದೇ ಬಂತು!)

ಇನ್ನು ‘ಗಡ್ಡೆ’. ರಿಂಕ್‌ನಲ್ಲಿ ಗಡ್ಡೆ ಎಲ್ಲಿದೆ? ಐಸಿನ ದಪ್ಪ ಸುಮಾರು 3 ಸೆಂಟಿಮೀಟರ್ ಅಷ್ಟೇ. ಅದರ ಕೆಳಗೆ ಕಾಂಕ್ರೀಟ್ ಹಾಸು, ಹಾಸಿನೊಳಗೆ ಸಾಲುಸಾಲಾಗಿ ಪೈಪು, ಪೈಪಿನಲ್ಲಿ ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿನ ಉಪ್ಪುನೀರು ಅಥವಾ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸಿದ ನೀರು ಹರಿಯುತ್ತಿರುತ್ತದೆ. ಹಾಸು ತಣ್ಣಗಾದ ಮೇಲೆ ನೀರನ್ನು ತೆಳ್ಳಗೆ ಚಿಮುಕಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ಪದರ, ಹೀಗೆ ಏರಿಸುತ್ತಾ ಹೋಗುತ್ತಾರೆ. ನಡುವೆ ಬಿಳಿ ಬಣ್ಣ, ಆಮೇಲೆ ಗೆರೆಗಳು, ಮತ್ತೆ ನೀರು. 60 ಮೀಟರ್ ಉದ್ದ, 30 ಮೀಟರ್ ಅಗಲದ ರಿಂಕ್‌ಗೆ ಲೆಕ್ಕ ಹಾಕಿದರೆ ಸುಮಾರು 50,000 ಲೀಟರ್ ನೀರು ಬೇಕು. ಇದಕ್ಕೆ ‘ಐಸ್ ಹಾಸು’ ಅಂತ ಬರೆದಿದ್ದೇನೆ. ‘ಹಿಮಾಂಗಣ’ ಅಂತ ಒಬ್ಬರು ಸೂಚಿಸಿದರು. ನೋಡಲು ಚೆಂದ, ಆದರೆ ಹಿಮಾಲಯದ ಹೋಟೆಲಿನ ಹೆಸರಿನ ಹಾಗಿದೆ. ರಿಂಕ್ ರಿಂಕೇ ಆಗಿರಲಿ ಅಂತ ನನಗೆ.

ಮುಖ್ಯ ಪ್ರಶ್ನೆ ಈಗ. ಆಟದ ನಡುವೆ ಒಂದು ಗಾಡಿ ಬಂದು ಐಸನ್ನು ಮತ್ತೆ ನುಣುಪು ಮಾಡುತ್ತದಲ್ಲ, ಆ ಕೆಲಸಕ್ಕೆ ಏನನ್ನೋಣ? ಗಾಡಿಗೆ ಜಾಂಬೋನಿ ಅನ್ನುವುದು ರೂಢಿ, ಅದು ಕ್ಯಾಲಿಫೋರ್ನಿಯಾದಲ್ಲಿ 1949ರಲ್ಲಿ ಅದನ್ನು ಮಾಡಿದ ಫ್ರಾಂಕ್ ಜಾಂಬೋನಿಯ ಹೆಸರು. ಅದಕ್ಕೆ ಮೊದಲು ಹಲವರು ಸೇರಿ ಕೆರೆದು, ಗುಡಿಸಿ, ನೀರು ಹಾಕಲು ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಗಾಡಿಯ ಅಲಗು ಮೇಲಿನ ತೆಳು ಪದರವನ್ನು ಹೆರೆಯುತ್ತದೆ, ಹೆರೆದದ್ದನ್ನು ಒಳಗೆ ಎಳೆದುಕೊಳ್ಳುತ್ತದೆ, ಹಿಂದೆ ಎಳೆದುಕೊಂಡು ಬರುವ ಅಗಲ ಬಟ್ಟೆ ಬಿಸಿ ನೀರನ್ನು ತೆಳ್ಳಗೆ ಬಳಿಯುತ್ತದೆ. ಬಿಸಿ ಯಾಕೆ ಅಂದರೆ, ಹಳೆಯ ಐಸಿನ ಮೇಲ್ಮೈ ಚೂರು ಕರಗಿ ಹೊಸ ನೀರಿನ ಜೊತೆ ಒಂದಾಗುತ್ತದೆ.

‘ಮರುಮೇಲ್ಮೈಗೊಳಿಸುವಿಕೆ’ ಅಂತ ಬರೆದರೆ ಮಕ್ಕಳು ಪುಟ ತಿರುಗಿಸುತ್ತಾರೆ. ‘ಒರೆಸುವುದು’ ಸರಿಯಿಲ್ಲ, ಒರೆಸಿದರೆ ನೀರು ಹೋಗಬೇಕು, ಇಲ್ಲಿ ಉಳಿಯಬೇಕು. ಸೆಗಣಿ ಹಾಕಿ ನೆಲ ಸಾರಿಸಿದಾಗ ಹಾಗೇ ಅಲ್ವಾ, ಹೊಸ ಪದರವೊಂದು ಉಳಿದು ಬಿರುಕು ಮುಚ್ಚುತ್ತದೆ. ಹಾಗಾಗಿ ‘ಹೆರೆದು ಸಾರಿಸುವುದು’ ಅಂತ ಹಾಕಿದ್ದೇನೆ. ಬೆಂಗಳೂರು, ಮೈಸೂರು ಕಡೆ ಬರೀ ನೀರಿನಿಂದ ಒರೆಸುವುದಕ್ಕೂ ಸಾರಿಸು ಅನ್ನುತ್ತಾರಾ? ಹಾಗಿದ್ದರೆ ಅರ್ಥ ತೆಳುವಾಗಬಹುದು, ತಿಳಿಸಿ.

ಇನ್ನೆರಡು. ಕೆರೆದ ಐಸಿಗೆ ‘ತುರಿ’ ಅಂದರೆ ಸಾಕೇ, ‘ಐಸ್ ಪುಡಿ’ ಬೇಕೇ? ಮತ್ತೆ, ಕವಿಯುವ ಮಂಜಿಗೆ ‘ಕಾವಳ’ ಅನ್ನುವುದು ಇನ್ನೂ ಯಾರ ಮನೆಮಾತಿನಲ್ಲಾದರೂ ಇದೆಯೇ? ಇದ್ದರೆ ಯಾವ ಊರು ಅಂತಲೂ ಬರೆಯಿರಿ.